ಹಳೆಯ ಯೆಜ್ಡಿಯ ಜರಡಿ

ಕಳೆದ ಶ್ರಾವಣದ ಒಂದು ಮುಸ್ಸಂಜೆ ಗರಿಯಾಹಾಟ್ ತಿರುವಿನಲ್ಲಿ ನನ್ನ ಯೆಜ್ಡಿ ರೋಡ್‌ಕಿಂಗ್ ನಿಂತುಬಿಟ್ಟಿತು. ಐದು ನಿಮಿಷ ಕಾದು ಒದ್ದರೆ ಹೊರಡುತ್ತಿತ್ತು. ಅರ್ಧ ಮೈಲಿ ಓಡಿ ಮತ್ತೆ ಬಸವಳಿದು ನಿಲ್ಲುತ್ತಿತ್ತು. ಪೆಟ್ರೋಲ್ ಫಿಲ್ಟರಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಿಂಗಳ ಹಿಂದಷ್ಟೇ ನಾನೇ ಹೊಸದೊಂದನ್ನು ಕೊಂಡು, ಟ್ಯಾಂಕಿಗೂ ಕಾರ್ಬುರೇಟರಿಗೂ ನಡುವಿನ ಕೊಳವೆಯಲ್ಲಿ ಕೂರಿಸಿದ್ದೆ. ಒಳಗೆ ಮಡಿಕೆ ಮಡಿಕೆಯಾದ ಕಾಗದವಿದ್ದ, ಕಾರಿಗೆ ಹಾಕುವಂಥ, ಬೆಲೆಯೂ ತುಸು ಹೆಚ್ಚಿನ ಫಿಲ್ಟರು.

ಬೀದಿಬದಿಯ ಮಿಸ್ತ್ರಿ ಗಾಡಿಯನ್ನು ಒಮ್ಮೆ ಸುತ್ತಿ ನೋಡಿ, ಕಾರ್ಬುರೇಟರ್ ಕಡೆಯ ಕೊಳವೆ ಕಿತ್ತು ಬಾಟಲಿಗೆ ಹಿಡಿದರು. ಮೊದಲು ಧಾರೆಯಾಗಿ ಬಿದ್ದ ಪೆಟ್ರೋಲು ನಿಮಿಷದೊಳಗೆ ಹನಿಗೆ ಇಳಿಯಿತು. ಟ್ಯಾಂಕಿನ ಮುಚ್ಚಳ ತೆಗೆದರು. ಹನಿ ಹನಿಯಾಗಿಯೇ ಉಳಿಯಿತು. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಆಗ ಧಾರೆ ಮರಳಬೇಕಿತ್ತು. ಆಮೇಲೆ ನನ್ನ ಫಿಲ್ಟರನ್ನು ಕಳಚಿ ಬರಿಯ ಕೊಳವೆ ಹಿಡಿದಾಗ ಧಾರೆ ನಿಲ್ಲದೆ ಸುರಿಯಿತು. "ದಾದಾ, ಇದು ಪಂಪ್ ಇರುವ ಗಾಡಿಯದು" ಎಂದಷ್ಟೇ ಹೇಳಿ ಅದನ್ನು ನನ್ನ ಕೈಗಿಟ್ಟರು.

ಕಾಫಿ ಫಿಲ್ಟರಿಗೆ ಪುಡಿಯನ್ನು ಅತಿ ನುಣ್ಣಗೆ ಬೀಸಿ ತುಂಬಿದರೆ ಡಿಕಾಕ್ಷನ್ ಇಳಿಯುವುದಿಲ್ಲವೆಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆ ಬುದ್ಧಿ ನನಗೆ ಗಾಡಿಯ ವಿಷಯದಲ್ಲಿ ಹೊಳೆಯಲಿಲ್ಲ. ಈ ಕಾಲದ ಇಂಜೆಕ್ಷನ್ ವಾಹನಗಳಲ್ಲಿ ಪಂಪು ಇಂಧನವನ್ನು ಒತ್ತಡದಿಂದ ತಳ್ಳುತ್ತದೆ. ಕಾಗದದ ತಡೆ ಅಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಹಳೆಯ ಬೈಕುಗಳಲ್ಲಿ ಪೆಟ್ರೋಲು ಒಂದಡಿಯೂ ಇಲ್ಲದ ಎತ್ತರದಿಂದ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಜರಡಿ ಸಣ್ಣದಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಅಪಾಯಕಾರಿ.

ಅದರಲ್ಲೂ ಈ ಗಾಡಿಗೆ ಅದು ಪ್ರಾಣಾಪಾಯವೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕುತ್ತೇವೆ. ನಾನು ಲೀಟರಿಗೆ 40 ಮಿಲಿ ಹಾಕುತ್ತೇನೆ. ಹೀಗಾಗಿ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಎಂಜಿನ್ನು ಅತ್ತ ಹೆಚ್ಚು ಬಿಸಿಯೇರುವ ಹೊತ್ತಿಗೇ ಇತ್ತ ಜಿಡ್ಡೂ ಒಣಗುತ್ತದೆ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಓಟದ ನಡುವೆ ಹಾಗಾದರೆ ಹಿಂದಿನ ಚಕ್ರವೇ ಬಿಗಿದುಕೊಳ್ಳುವುದುಂಟು. ಗರಿಯಾಹಾಟಿನ ದಟ್ಟಣೆ ನನ್ನನ್ನು ನಿಧಾನವಾಗಿ ಓಡಿಸುತ್ತಿದ್ದುದೇ ಪುಣ್ಯ.

ಆದರೆ ಆ ಕಾಗದದಲ್ಲಿ ತುಂಬಿದ್ದ ಕೆಂಪು ಹುಡಿ ಬಂದದ್ದಾದರೂ ಎಲ್ಲಿಂದ? ಟ್ಯಾಂಕಿನ ಒಳಗೋಡೆಯಿಂದ. ನಾವು ಫಿಲ್ಟರ್ ಬದಲಿಸುತ್ತೇವೆಯೇ ಹೊರತು ಟ್ಯಾಂಕನ್ನು ನೋಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ: ದುಬಾರಿ ಫಿಲ್ಟರು ಎಷ್ಟೋ ಸಲ ನಮ್ಮ ಸೋಮಾರಿತನಕ್ಕೆ ನಾವೇ ತೊಡಿಸುವ ಪೋಷಾಕು. ಮೈಸೂರಿನ ಒಣ ಹವೆಯಲ್ಲಿ ಈ ಸೋಮಾರಿತನ ನಡೆದೀತು. ಕಲ್ಕತ್ತೆಯಲ್ಲಿ ಆಷಾಢದಿಂದ ಭಾದ್ರಪದದವರೆಗೆ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಅರ್ಧ ಖಾಲಿಯಿರುವ ಕಬ್ಬಿಣದ ಟ್ಯಾಂಕು ಬೆವರದೆ ಇದ್ದೀತೆ?

ಇದರ ಮೇಲೆ ಎಥೆನಾಲ್. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. ಕಬ್ಬು ಬೆಳೆಯುವ ನಾಡಿನವನಾಗಿ ಆ ನೀತಿಯನ್ನು ನಾನು ಹಳಿಯಲಾರೆ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದರೆ ಆ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪೆಟ್ರೋಲ್ ಕಾಕ್ ಎಳೆದುಕೊಳ್ಳುವುದೂ ತಳದಿಂದಲೇ, ಮತ್ತು ಆ ಪದರದಲ್ಲಿ ನಾವು ಬೆರೆಸಿದ ಎಣ್ಣೆ ಇರುವುದಿಲ್ಲವೆಂದೇ ಹೇಳಬೇಕು. ಹಳೆಯ ರಬ್ಬರ್ ಕೊಳವೆಗಳನ್ನೂ ಅದು ಮೆತ್ತಗಾಗಿಸುತ್ತದೆ. ಉದುರಿದ ರಬ್ಬರಿನ ಚೂರು ಫಿಲ್ಟರು ದಾಟಿದ ಕೊಳವೆಯದಾಗಿದ್ದರೆ ಅದನ್ನು ತಡೆಯುವವರಿಲ್ಲ. ಹಳೆಯ ವಾಹನಗಳಿಗಾಗಿ ಶೇ. 10ರ ಮಿಶ್ರಣವೂ ಸಿಗುವಂತಿರಬೇಕೆಂದು ನೀತಿ ಆಯೋಗದ 2021ರ ಮಾರ್ಗನಕ್ಷೆಯೇ ಹೇಳಿತ್ತು. ಆ ಮಾತನ್ನು ನಡೆಸಿಕೊಡಿ ಎಂದು ಕೇಳುವುದು ಹಳೆಯ ಗಾಡಿಯವರ ಹಠವಲ್ಲ, ಹಕ್ಕು.

ಅಲ್ಲಿಯವರೆಗೆ ನಮ್ಮ ಕೆಲಸ ನಾವು ಮಾಡಬೇಕು. ನಾನು ಟ್ಯಾಂಕು ಇಳಿಸಿ, ಎರಡು ದಿನ ವಿನೆಗರ್ ತುಂಬಿಟ್ಟು, ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ, ಅಡುಗೆಸೋಡದ ನೀರಿನಿಂದ ತೊಳೆದೆ. ಒಣಗಿದ ಕೂಡಲೇ ಎಣ್ಣೆ ಬೆರೆಸಿದ ಪೆಟ್ರೋಲು ಆಡಿಸಿದೆ. ಇಲ್ಲಿನ ಗಾಳಿಯಲ್ಲಿ ತೊಳೆದ ಕಬ್ಬಿಣಕ್ಕೆ ಸಂಜೆಯೊಳಗೆ ಹೊಸ ತುಕ್ಕು ಹಿಡಿಯುತ್ತದೆ. ಮಲ್ಲಿಕ್ ಬಜಾರಿನ ಹಳೆಯ ಬಿಡಿಭಾಗಗಳ ಸಂದಿಗೊಂದಿಗಳಲ್ಲಿ ಒಂದು ಬೆಳಗು ಅಲೆದು ನೈಲಾನ್ ಜಾಲರಿಯ ಪಾರದರ್ಶಕ ಫಿಲ್ಟರು, ಎಥೆನಾಲ್ ತಡೆಯುವ ಕೊಳವೆ, ಕಾಕಿನ ಹೊಸ ವಾಷರು ತಂದೆ. ಫಿಲ್ಟರಿನ ಬಾಣದ ಗುರುತು ಕಾರ್ಬುರೇಟರಿನ ಕಡೆಗಿರಬೇಕು. ಕೊಳವೆ ಎಲ್ಲೂ ಮೇಲೆದ್ದು ಬಾಗದೆ ಇಳಿಜಾರಾಗಿಯೇ ಸಾಗಬೇಕು, ಇಲ್ಲವಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಫಿಲ್ಟರು ಅರ್ಧವೇ ತುಂಬಿದಂತೆ ಕಂಡರೆ ಗಾಬರಿ ಬೇಡ, ಧಾರೆ ಸರಿಯಿದ್ದರೆ ಸಾಕು. ಈ ಪರೀಕ್ಷೆಯನ್ನೆಲ್ಲ ಎಂಜಿನ್ನು ತಣ್ಣಗಿರುವಾಗ, ಬೆಂಕಿ ಬೀಡಿಗಳಿಂದ ದೂರದಲ್ಲಿ ಮಾಡತಕ್ಕದ್ದು. ವಾರಕ್ಕೊಮ್ಮೆ ಓಡಿಸುವ ಗಾಡಿಗೆ ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಡುತ್ತೇನೆ. ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವುದಾದರೆ ಪೂರ್ತಿ ಬರಿದು ಮಾಡಿ ಒಳಗೆ ಎಣ್ಣೆ ಸವರಿ ಹೋಗುತ್ತೇನೆ.

ಮೊನ್ನೆ ಭಾನುವಾರ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ಜಾಲರಿಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಹುಡಿ ಕೂತಿತ್ತು.