ಸಾಕುಮೊಲಕ್ಕೆ ಎಂತಹ ಆಟಿಕೆ ತಕ್ಕುದು?

ಮಕ್ಕಳ ಹಟಕ್ಕೆ ಮಣಿದು ಮನೆಗೆ ಮೊಲವನ್ನು ತರುವುದು ಇಂದು ಪಟ್ಟಣಿಗರಿಗಷ್ಟೇ ಮೀಸಲಾಗಿ ಉಳಿದಿಲ್ಲ. ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯಂತಹ ಊರಿನಲ್ಲಿಯೂ ಹಿತ್ತಲಿನ ಮೂಲೆಯಲ್ಲಿ ತಂತಿಬಲೆಯ ಗೂಡೊಂದು, ಅದರೊಳಗೆ ಕೆಂಗಣ್ಣಿನ ಬಿಳಿಯ ಮೊಲವೊಂದು ಕಾಣಸಿಗುವುದುಂಟು. ಗೂಡಿನಲ್ಲಿ ಕೆಂಪು ಪ್ಲಾಸ್ಟಿಕ್ ಚೆಂಡು, ಗೆಜ್ಜೆ ಕಟ್ಟಿದ ಬಳೆ ಮುಂತಾದ ಆಟಿಕೆಗಳೂ ಇರುತ್ತವೆ. ಮೊಲವು ಅವುಗಳತ್ತ ತಿರುಗಿಯೂ ನೋಡದೆ ಮುದುಡಿ ಕುಳಿತಿರುತ್ತದೆ. ಇದು ಬಲು ಸಾಧುಪ್ರಾಣಿ ಎಂದು ಮನೆಯವರು ಸಂತೋಷಪಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸಾಧುತ್ವವಲ್ಲ, ಮಾಡಲು ಯಾವ ಕೆಲಸವೂ ಇಲ್ಲದ ಪ್ರಾಣಿಯ ಜಡತೆ. ಕೊಂಡವರು ತಮ್ಮ ಕಣ್ಣಿಗೆ ಒಪ್ಪುವುದನ್ನು ಕೊಂಡರೇ ಹೊರತು ಮೊಲದ ಹಲ್ಲಿಗೂ ಕಿವಿಗೂ ಕಾಲಿಗೂ ಒಪ್ಪುವುದನ್ನಲ್ಲ.

ಭೌತಶಾಸ್ತ್ರದ ಅಧ್ಯಾಪಕನಿಗೆ ಮೊಲದ ಗೊಡವೆಯೇಕೆಂದು ವಾಚಕರು ಕೇಳಬಹುದು. ಬೆಳಕು, ಶಬ್ದ, ಶಾಖ, ಘರ್ಷಣೆ ಇವನ್ನು ಬಿಟ್ಟರೆ ಆಟಿಕೆಯ ವಿಚಾರದಲ್ಲಿ ಉಳಿಯುವುದು ಅತ್ಯಲ್ಪವೆಂಬುದೇ ನನ್ನ ಉತ್ತರ.

ನಮ್ಮ ರಾಗಿ, ಹುರುಳಿಯ ಹೊಲಗಳಲ್ಲಿ ಓಡುವ ಕಾಡುಮೊಲವೂ ಗೂಡಿನ ಬಿಳಿಯ ಮೊಲವೂ ಒಂದೇ ಜಾತಿಯವಲ್ಲ. ಮೊದಲಿನದರ ಜೀವಕೋಶದಲ್ಲಿ 48 ವರ್ಣತಂತುಗಳಿದ್ದರೆ ಎರಡನೆಯದರಲ್ಲಿ 44. ಅವು ಕೂಡಿ ಮರಿಹಾಕಲಾರವು. ಕಾಡುಮೊಲವು ಬಿಲ ತೋಡದೆ ಬಯಲಿನಲ್ಲಿಯೇ ಮರಿಹಾಕುತ್ತದೆ. ತಾಯಿಯು ಹಾಲೂಡಿಸಲು ಮಾತ್ರ ಬಂದು, ಉಳಿದ ಹೊತ್ತು ದೂರವಿರುತ್ತದೆ. ಕೊಯ್ಲಿಗೆ ಬಂದವರು ಇಂತಹ ಮರಿಯನ್ನು ತಬ್ಬಲಿಯೆಂದು ಬಗೆದು ಮನೆಗೆ ತರುವುದುಂಟು. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಅಷ್ಟೇ ಅಲ್ಲದೆ ತಾಯಿಯುಳ್ಳ ಮರಿಯನ್ನು ನಾವೇ ತಬ್ಬಲಿ ಮಾಡಿದಂತೆ. ಸಾಕುಮೊಲವಾದರೋ ಯೂರೋಪಿನ ಐಬೀರಿಯಾ ಪರ್ಯಾಯದ್ವೀಪದ ಬಿಲವಾಸಿಯ ಸಂತತಿ. ತೋಡುವುದು, ಅಡಗುವುದು, ಕಡಿಯುವುದು, ಜೊತೆಗಾರರೊಡನೆ ಬಾಳುವುದು ಅದರ ಹುಟ್ಟುಗುಣ. ಈ ಗುಣಗಳಿಗೆ ಎಡೆಗೊಡುವ ವಸ್ತುವೇ ಅದಕ್ಕೆ ಆಟಿಕೆ.

ಆಟಿಕೆಗಿಂತ ಮೊದಲು ಸ್ಥಳ. ಸಾಕಷ್ಟು ಉದ್ದ, ಅಗಲ, ಎತ್ತರಗಳಿಲ್ಲದ, ಚಲನೆಗೆ ಅವಕಾಶವೀಯದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಇಂಗ್ಲೆಂಡಿನ ಮೊಲಗಳ ಹಿತರಕ್ಷಣಾ ಸಂಘವು ಒಂದು ಜೊತೆ ಮೊಲಗಳಿಗೆ 3 ಮೀಟರು ಉದ್ದ, 2 ಮೀಟರು ಅಗಲ, 1 ಮೀಟರು ಎತ್ತರದ ಆವರಣ ಬೇಕೆನ್ನುತ್ತದೆ. ನಮ್ಮ ಹಳ್ಳಿಯ ಹಿತ್ತಿಲುಗಳಲ್ಲಿ ಇಷ್ಟು ಜಾಗಕ್ಕೆ ಬಡತನವಿಲ್ಲ. ನಾಯಿಬೆಕ್ಕುಗಳು ನುಗ್ಗದಂತೆ ಬೇಲಿ ಭದ್ರವಾಗಿದ್ದರಾಯಿತು. ಎರಡಡಿಯ ಗೂಡಿನಲ್ಲಿ ಹತ್ತು ಆಟಿಕೆಗಳನ್ನು ತುಂಬಿದರೆ ಇದ್ದ ಜಾಗವೂ ಹೋಯಿತು.

ಇನ್ನು ಬಣ್ಣ. ಮೊಲದ ಕಣ್ಣು ನೀಲಿ ಹಸುರುಗಳನ್ನು ಗುರುತಿಸಬಲ್ಲುದು. ಕೆಂಪು ಅದಕ್ಕೆ ಮಂಕು. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಹಿಂದೆ, ಮೇಲೆ, ಸುತ್ತಲೂ ಕಾಣುತ್ತದೆಯಾದರೂ ಮೂಗಿನ ತುದಿಯ ಮುಂದಣ ಕಿಂಚಿತ್ ಜಾಗ ಮಾತ್ರ ಕಾಣದು. ಮೂತಿಗೆ ಒತ್ತಿಹಿಡಿದ ಕೆಂಪು ಚೆಂಡು ಅದರ ಪಾಲಿಗೆ ವಾಸನೆಯಿಲ್ಲದ ಒಂದು ಅಡಚಣೆ, ಅಷ್ಟೆ. ಶಬ್ದದ ವಿಷಯವೂ ಹೀಗೆಯೇ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನಗಳಾದರೆ ಮೊಲದ್ದು ಸುಮಾರು 42,000. ನಮಗೆ ಇಂಪಾದ ಗೆಜ್ಜೆಯಲ್ಲಿ ನಮಗೆ ಕೇಳಿಸದ ಕೀರಲು ಎಷ್ಟಿದೆಯೋ ಅದನ್ನು ಮೊಲವೇ ಹೇಳಬೇಕು. ಗೆಜ್ಜೆಯನ್ನು ಬಿಟ್ಟರೆ ನಷ್ಟವೇನೂ ಇಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಹಲ್ಲಿನ ಸಮಸ್ಯೆ. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರು ಬೆಳೆಯುವುದೆಂದರೆ ವರ್ಷಕ್ಕೆ ಒಂದು ಗೇಣಿನ ಅರ್ಧಕ್ಕೂ ಹೆಚ್ಚು. ಸವೆಯದಿದ್ದರೆ ಹಲ್ಲು ಡೊಂಕಾಗಿ, ಬಾಯಿ ಹುಣ್ಣಾಗಿ, ಮೇವಿನ ಮುಂದೆಯೇ ಪ್ರಾಣಿ ಉಪವಾಸ ಬೀಳುತ್ತದೆ. ಕಟ್ಟಿಗೆಯೊಂದನ್ನು ಹಾಕಿದರೆ ಸಾಕೆಂದು ಹಲವರು ಭಾವಿಸುವರು. ಕಟ್ಟಿಗೆಯನ್ನು ಕಡಿಯುವುದು ಬಾಚಿಹಲ್ಲು; ಒಳಗಿನ ದವಡೆಹಲ್ಲನ್ನು ಸವೆಸುವುದು ಹುಲ್ಲು. ಹುಲ್ಲನ್ನು ಅಗಿಯುವಾಗ ಕೆಳದವಡೆಯು ಬೀಸುವ ಕಲ್ಲಿನಂತೆ ಪಕ್ಕದಿಂದ ಪಕ್ಕಕ್ಕೆ ಉಜ್ಜುತ್ತದೆ. ಆದುದರಿಂದ ದಿನವೆಲ್ಲ ದೊರೆಯುವ ಒಣಹುಲ್ಲೇ ಮೊಲದ ಮೊದಲನೆಯ ಆಟಿಕೆ. ಅದನ್ನು ಒಂದೆಡೆ ಗುಡ್ಡೆ ಹಾಕದೆ, ರಟ್ಟಿನ ಪೆಟ್ಟಿಗೆಯಲ್ಲಿ ತುರುಕಿ, ಮುಸುಕಿನ ಜೋಳದ ಒಣಸಿಪ್ಪೆಯಲ್ಲಿ ಸುತ್ತಿಟ್ಟರೆ ಹುಡುಕುವ ಕೆಲಸವೂ ದೊರೆಯಿತು. ಪೆಟ್ಟಿಗೆಯ ಅಂಟುಪಟ್ಟಿ, ತಂತಿಪಿನ್ನುಗಳನ್ನು ತೆಗೆದಿರಬೇಕು. ಮೊಲಕ್ಕೆ ಗಜ್ಜರಿಯೇ ಮುಖ್ಯ ಆಹಾರವೆಂದು ವಾದಿಸುವವರಿದ್ದಾರೆ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಗಜ್ಜರಿ ಸಿಹಿಗೆಡ್ಡೆ, ಒಂದು ತುಂಡಿಗೆ ಮಿಗದಿರಲಿ.

ಕಡಿಯುವ ಕಡ್ಡಿಗೆ ನಮ್ಮ ಸೀಮೆಯ ಹಿಪ್ಪುನೇರಳೆಯನ್ನು ಮೀರಿದ್ದು ನನಗೆ ತೋರದು. ಸೊಪ್ಪು, ತೊಗಟೆ, ಕಡ್ಡಿ ಮೂರೂ ಅದಕ್ಕೆ ಪ್ರಿಯ. ಒಂದು ಎಚ್ಚರಿಕೆ ಅವಶ್ಯ: ರೇಷ್ಮೆಹುಳು ಮೇಯ್ದು ಬಿಟ್ಟ ಕಡ್ಡಿಯನ್ನು ತರಬಾರದು. ಹುಳುಸಾಕಣೆಯ ಮನೆಯಲ್ಲಿ ಸುಣ್ಣದ ಪುಡಿಯನ್ನೂ ರೋಗನಿರೋಧಕ ಪುಡಿಗಳನ್ನೂ ಎರಚಿರುತ್ತಾರೆ. ತೋಟದಲ್ಲಿ ಸವರಿದ, ಔಷಧಿ ಹೊಡೆಯದ ಹಸಿ ಕಡ್ಡಿಯೇ ಬೇಕು. ಕಣಗಿಲೆ, ಹರಳು, ಬಂಡೀಪುರದ ಕಾಡಂಚಿನಲ್ಲೆಲ್ಲ ಹಬ್ಬಿರುವ ಲಂಟಾನ ಇವು ವಿಷಕಾರಿ. ಪ್ಲಾಸ್ಟಿಕ್ಕಿನ ಚೂರೂ ಅಪಾಯಕಾರಿಯೇ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ನುಂಗಿದ್ದು ಕರುಳಿನಲ್ಲಿ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ.

ಬೇಸಗೆಯಲ್ಲಿ ನಮ್ಮ ಕಡೆ ಪಾದರಸವು 35 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಮ್ಮಂತೆ ಬೆವರಲಾರದ ಮೊಲವು ಕಿವಿಗಳ ರಕ್ತನಾಳಗಳ ಮೂಲಕ ಶಾಖವನ್ನು ಹೊರಚೆಲ್ಲುತ್ತದೆ. ಗಾಳಿಯೇ ಬಿಸಿಯಾದಾಗ ಈ ಉಪಾಯವೂ ಸೋಲುತ್ತದೆ. ಚಾಮರಾಜನಗರದ ಕರಿಕಲ್ಲು ದೇಶಾಂತರಗಳಿಗೆ ಹೋಗುತ್ತದಷ್ಟೆ. ಅದರದೊಂದು ಮುರುಕು ಹಾಸು, ನೆರಳಿನಲ್ಲಿ, ಒರಟು ಮುಖ ಮೇಲಾಗಿ ಹಾಕಿದರೆ ಮೊಲ ಅದರ ಮೇಲೆ ಹೊಟ್ಟೆಯೂರಿ ಮಲಗುತ್ತದೆ. ಕಲ್ಲಿನ ಶಾಖವಾಹಕತೆ ಮರದ ಹತ್ತು ಪಟ್ಟಿಗೂ ಮಿಗಿಲು. ತಳ ಒಡೆದ ದೊಡ್ಡ ಮಡಕೆಯನ್ನು ಅಂಚು ನಯಮಾಡಿ ಅಡ್ಡಲಾಗಿ ಮಲಗಿಸಿದರೆ ಎರಡು ಬಾಗಿಲುಗಳ ಬಿಲವಾಯಿತು. ಒಂದೇ ಬಾಗಿಲಿನ ಬಿಲವನ್ನು ಬಿಲವಾಸಿ ನೆಚ್ಚುವುದಿಲ್ಲ. ಮೇಲೆ ಒದ್ದೆಗೋಣಿ ಹೊದಿಸಿದರೆ ಆವಿಯಾಗುವ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಪೆಟ್ಟಿಗೆ ಮಣ್ಣಿರಲಿ, ತೋಡುವುದಕ್ಕೆ. ಇಷ್ಟಕ್ಕೆ ಅಂಗಡಿಗೆ ಕೊಡಬೇಕಾದ ಹಣ ಸೊನ್ನೆ.

ಜೊತೆಗಾರನ ವಿಷಯದಲ್ಲಿ ಆತುರ ಸಲ್ಲದು. ಗಂಡುಹೆಣ್ಣನ್ನು ಕೂಡಿಟ್ಟರೆ ಸುಮಾರು 31 ದಿನಗಳಲ್ಲಿ ಮರಿಗಳು. ಎರಡು ಗಂಡನ್ನು ಕೂಡಿಟ್ಟರೆ ಕಾಳಗ. ಪಶುವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮಕ್ಕಳಿಗೆ ಮೊಲವನ್ನೇ ಆಟಿಕೆಯಾಗಿ ಕೊಡುವ ರೂಢಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಕಿವಿ ಹಿಡಿದು ಎತ್ತುವುದು ಇಂದಿಗೂ ನಿಂತಿಲ್ಲ. ಮೊಲದ ಎಲುಬುಗಳ ತೂಕ ದೇಹತೂಕದ ಶೇಕಡ 8ರಷ್ಟು ಮಾತ್ರ, ಹಿಂಗಾಲಿನ ಸ್ನಾಯುಗಳೋ ಬಲಿಷ್ಠ. ಗಾಬರಿಯಿಂದ ಒದ್ದಾಡಿದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಲ್ಲುದು. ಮುಂಜಾವ, ಮುಸ್ಸಂಜೆಗಳೇ ಅದು ಚುರುಕಾಗಿರುವ ವೇಳೆ. ಆಗ ಮಗುವು ನೆಲದ ಮೇಲೆ ಕುಳಿತು ಹಿಪ್ಪುನೇರಳೆಯ ಎಲೆಯೊಂದನ್ನು ಪಕ್ಕದಿಂದ ನೀಡಿ ಕಾಯಲಿ; ಮೊಲವು ಒಂದೆರಡು ಸಂಜೆ ದೂರದಿಂದಲೇ ನೋಡಿ, ಆಮೇಲೆ ತಾನಾಗಿಯೇ ಬಂದು ಕಚ್ಚಿಕೊಂಡು ಹೋಗುವುದು.