ಗಡಿಗೆಯ ಬಾಯಿಗೆ ಸ್ಪೀಕರು

ಕ್ಯಾಸೆಟ್ಟಿನ ಕಾಲ ಕಂಡವರಿಗೆ ಇದು ನೆನಪಿರುತ್ತದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಚಹಾದಂಗಡಿಗೋ ಕಟಿಂಗ್ ಅಂಗಡಿಗೋ ಹೋದರೆ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ ಕೂತಿರುತ್ತಿತ್ತು. ಕುಡಿಯುವ ನೀರಿನದಲ್ಲ. ಅದರ ಬಾಯಿಗೆ ಮುಚ್ಚಳದ ಬದಲು ಒಂದು ಸ್ಪೀಕರು, ಮುಖ ಮೇಲಕ್ಕೆ. ಗೋಡೆಗುಂಟ ಇಳಿದ ಎರಡೆಳೆ ತಂತಿ. ಸಣ್ಣ ಟೇಪ್‌ರೆಕಾರ್ಡರಿನಲ್ಲಿ ಕೀಚಲಾಗಿ ಕೇಳುತ್ತಿದ್ದ ತಬಲಾ ಆ ಗಡಿಗೆಯಲ್ಲಿ ಎದೆಗೆ ತಟ್ಟುವಂತೆ ಕೇಳುತ್ತಿತ್ತು. ಯಾಕಪ್ಪಾ ಹೀಗೆ ಎಂದು ಕೇಳಿದರೆ, ‘ಗಡಿಗ್ಯಾಗ ಇಟ್ರ ಆವಾಜ್ ದಪ್ಪ ಬರ್ತದ ನೋಡ್ರಿ’ ಎಂಬ ಉತ್ತರ.

ಉತ್ತರ ಸರಿಯೇ ಇತ್ತು. ಕಾರಣ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಈ ಗಡಿಗೆಯ ಮಾತು ಈಗ ಯಾಕೆಂದರೆ, ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ರಜೆಯಲ್ಲಿ ಒಂದು ಹುಚ್ಚು ಹತ್ತುತ್ತದೆ. ಲಕ್ಷಗಟ್ಟಲೆ ಬೆಲೆಯ ವಿದೇಶಿ ಸ್ಪೀಕರಿನ ಚಿತ್ರ ನೋಡಿ, ‘ಇದನ್ನು ನಾನೇ ಮನೆಯಲ್ಲಿ ಕಟ್ಟುತ್ತೇನೆ’ ಎನ್ನುತ್ತಾರೆ. ಪಾಲಕರಿಗೆ ಎರಡು ಚಿಂತೆ. ದುಡ್ಡು ಹಾಳು, ಓದು ಹಾಳು. ನನ್ನನ್ನು ಕೇಳಿದರೆ ಬಿಡಿ ಎನ್ನುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ಗರಗಸ ಮುಟ್ಟುವ ಮೊದಲು ಲೆಕ್ಕವನ್ನು ಕಾಗದದ ಮೇಲೆ ಬರೆದು ನಿಮಗೆ ತೋರಿಸಬೇಕು. ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ; ಅರ್ಥವಾಗುವಂತೆ ಹೇಳುವುದು ಅವರ ಕೆಲಸ.

ಮೊದಲು ಗಡಿಗೆಯ ಗುಟ್ಟು. ಸ್ಪೀಕರಿನೊಳಗೆ ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನ್. ಸುರುಳಿಯಲ್ಲಿ ವಿದ್ಯುತ್ ಹರಿದರೆ ಅದು ಅಯಸ್ಕಾಂತದ ಕ್ಷೇತ್ರದಲ್ಲಿ ಹಿಂದೆ ಮುಂದೆ ಸರಿಯುತ್ತದೆ. ಜೊತೆಗೆ ಕೋನ್ ಗಾಳಿಯನ್ನು ನೂಕುತ್ತದೆ. ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಬಾಯಿಪಾಠ ಮಾಡುವ ಸೂತ್ರವೇ ಇದು. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ಈ ರಚನೆ ಮೂಲದಲ್ಲಿ ಇಂದಿಗೂ ಹಾಗೇ ಇದೆ.

ತೊಡಕೆಂದರೆ, ಸ್ಪೀಕರಿಗೆ ಬೆನ್ನಿನಲ್ಲೂ ಬಾಯಿ ಇದೆ. ಕೋನ್ ಮುಂದಿನ ಗಾಳಿಯನ್ನು ಒತ್ತುವಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನ ಒತ್ತಡ ಅಂಚು ಸುತ್ತಿ ಹಿಂದಕ್ಕೆ ಹೋಗಿ ಆ ಖಾಲಿಯನ್ನು ತುಂಬಿಬಿಡುತ್ತದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಂತೆ. ಕೀಚಲು ದನಿಗೆ ಇದರಿಂದ ಹೆಚ್ಚು ನಷ್ಟವಿಲ್ಲ; 5000 ಹರ್ಟ್ಸ್ ದನಿಯ ತರಂಗದೂರ ಸುಮಾರು 7 ಸೆಂಟಿಮೀಟರ್. ಆದರೆ 50 ಹರ್ಟ್ಸಿನ ದಪ್ಪ ದನಿಯ ತರಂಗದೂರ ಸುಮಾರು 7 ಮೀಟರ್. ಅಷ್ಟುದ್ದದ ತರಂಗಕ್ಕೆ ಅಂಗೈಯಗಲದ ಸ್ಪೀಕರನ್ನು ಸುತ್ತಿ ಹೋಗುವುದು ಯಾವ ಲೆಕ್ಕ? ಬೇಸ್ ಮಾಯ. ಗಡಿಗೆ ಮಾಡಿದ್ದು ಇಷ್ಟೇ, ಬೆನ್ನಿನ ದನಿಯನ್ನು ಹೊಟ್ಟೆಯೊಳಗೆ ಕೂಡಿಹಾಕಿತು. ಸುಟ್ಟ ಮಣ್ಣಿನ ದುಂಡನೆಯ ಗೋಡೆ ಗಟ್ಟಿ, ಅದು ಸುಲಭಕ್ಕೆ ಅದುರುವುದಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದಿಡುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ ಪುಟ್ಟ ಮುಚ್ಚಿದ ಪೆಟ್ಟಿಗೆಯ ಸ್ಪೀಕರನ್ನು ಹೊರತಂದಾಗ ಹೈ-ಫೈ ಲೋಕ ಬೆರಗಾಯಿತು. ನಮ್ಮ ಚಹಾದಂಗಡಿಯವರು ವಿಲ್ಚರನ ಹೆಸರು ಕೇಳಿದವರಲ್ಲ. ಅವರಿಗೆ ಗಡಿಗೆ ಗೊತ್ತಿತ್ತು, ಅಷ್ಟೆ.

ಹಾಗಾದರೆ ಎರಡು ಗಡಿಗೆ ಸಾಕಲ್ಲ? ಸಾಲದು. ಒಂದು ಗಡಿಗೆಯಂತೆ ಇನ್ನೊಂದಿರುವುದಿಲ್ಲ. ಪ್ರತಿಯೊಂದೂ ತನ್ನದೇ ಒಂದು ಸ್ವರವನ್ನು ಗುಂಯ್‌ಗುಡುತ್ತದೆ. ಹಾಡುಗಾರ ಯಾರೇ ಇರಲಿ, ಆ ಸ್ವರ ಬಂದಾಗ ಗಡಿಗೆಯೂ ದನಿಗೂಡಿಸುತ್ತದೆ. ಒಳ್ಳೆಯ ಸ್ಪೀಕರೆಂದರೆ ತನ್ನದೇನನ್ನೂ ಸೇರಿಸದ ಸ್ಪೀಕರು. ಸಾವಿರದ ಸ್ಪೀಕರಿಗೂ ಲಕ್ಷದ ಸ್ಪೀಕರಿಗೂ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದೇ.

ಇಲ್ಲಿಂದ ಮುಂದೆ ಕಿವಿಗಿಂತ ಲೆಕ್ಕ ಮುಖ್ಯ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲೂ, ಅದೇ ದೇಶದ ಸಿಡ್ನಿಯಲ್ಲಿ ಕೆಲಸ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲೂ ಸ್ಪೀಕರಿನ ಗುಣವನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಟ್ಟರು. ಒಳ್ಳೆಯ ಸ್ಪೀಕರು ಕೊಂಡರೆ ಅದರ ಮಾಹಿತಿ ಹಾಳೆಯಲ್ಲಿ ಇವು ಇರುತ್ತವೆ. ಇಲ್ಲದಿದ್ದರೆ ಕೊಳ್ಳಬೇಡಿ. ನಮಗೆ ಬೇಕಾದವು ಮೂರು: ಕೋನಿನ ಸ್ವಂತ ಆವೃತ್ತಿ, ಅದರ ಅಂಚಿನ ಮೆದುತನಕ್ಕೆ ಸಮನಾದ ಗಾಳಿಯ ಗಾತ್ರ, ಮತ್ತು ‘ಕ್ಯೂ’ ಎಂಬ ಒಂದು ಸಂಖ್ಯೆ. ಒಂದು 8 ಇಂಚಿನ ವೂಫರ್‌ಗೆ ಇವು 35 ಹರ್ಟ್ಸ್, 60 ಲೀಟರ್, 0.4 ಎಂದಿಟ್ಟುಕೊಳ್ಳಿ. ಅದನ್ನು 30 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸುತ್ತೀರಿ. 60ನ್ನು 30ರಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದದ್ದು 1.73. ಇದರಿಂದ 35ನ್ನು ಗುಣಿಸಿದರೆ ಸುಮಾರು 61 ಹರ್ಟ್ಸ್, 0.4ನ್ನು ಗುಣಿಸಿದರೆ 0.69. ಮುಚ್ಚಿದ ಪೆಟ್ಟಿಗೆಗೆ ಕ್ಯೂ 0.7ರ ಆಸುಪಾಸಿನಲ್ಲಿದ್ದರೆ ಬೇಸ್ ಹದವಾಗಿರುತ್ತದೆ. 1 ದಾಟಿ ಮೇಲೆ ಹೋದಷ್ಟೂ ಗುಂಗುಂ ಎನ್ನುವ ಚಹಾದಂಗಡಿ.

ನಾನು ಮೊದಲ ಸಲ ಪೆಟ್ಟಿಗೆ ಕಟ್ಟಿದಾಗ ಈ ಲೆಕ್ಕವನ್ನೆಲ್ಲ ಸರಿಯಾಗಿಯೇ ಮಾಡಿದ್ದೆ. 30 ಲೀಟರಿಗೆಂದು 30, 40, 25 ಸೆಂಟಿಮೀಟರ್ ಅಳತೆ ಬರೆದು ಬಡಿಗೇರರ ಕೈಗೆ ಕೊಟ್ಟೆ. ಅವರು ಹೇಳಿದಂತೆಯೇ ಚೊಕ್ಕವಾಗಿ ಮಾಡಿಕೊಟ್ಟರು. ಬೇಸ್ ಮಾತ್ರ ಇಳಿಯಬೇಕಾದಷ್ಟು ಇಳಿಯಲಿಲ್ಲ. ವಾರವಿಡೀ ಆಂಪ್ಲಿಫೈಯರನ್ನು ಬೈದೆ. ಆಮೇಲೆ ಹೊಳೆಯಿತು, ಅದು ಹೊರಗಿನ ಅಳತೆ! ಪ್ಲೈವುಡ್ಡಿನ ದಪ್ಪ 18 ಮಿಲಿಮೀಟರ್. ಎರಡು ಬದಿ ಸೇರಿ ಪ್ರತಿ ಅಳತೆಯಲ್ಲಿ 3.6 ಸೆಂಟಿಮೀಟರ್ ಹೋಯಿತು. ಒಳಗೆ ಉಳಿದದ್ದು 20.6 ಲೀಟರ್. ಮೂರನೆಯ ಒಂದು ಪಾಲು ಗಾಳಿಯನ್ನು ಮರ ತಿಂದಿತ್ತು. 30 ಲೀಟರ್ ಬೇಕಾದರೆ ಹೊರಗಿನ ಅಳತೆ 28, 50, 30 ಇರಬೇಕು. ಒಳಗೆ ಆಗ 29.9. ಅಯಸ್ಕಾಂತ, ಒಳಗಿನ ಆಧಾರಪಟ್ಟಿ ಇವು ತಿನ್ನುವುದಕ್ಕೆ ಇನ್ನೊಂದೆರಡು ಲೀಟರ್ ಸೇರಿಸಿಕೊಳ್ಳಿ. ಅನುಮಾನವಿದ್ದರೆ ಹಿಂಬದಿಯ ಹಲಗೆ ಜಡಿಯುವ ಮೊದಲು ಲೀಟರ್ ಮಾಪಿನಿಂದ ಜೋಳ ತುಂಬಿ ಅಳೆಯಿರಿ. ಅವ್ವನಿಂದ ನಾಲ್ಕು ಮಾತು ಕೇಳಬೇಕಾದೀತು, ಆದರೆ ಉತ್ತರ ಸುಳ್ಳಾಗುವುದಿಲ್ಲ.

ಇನ್ನು ಕಲ್ಲಿನ ವಿಷಯ. ಮನೆ ಮನೆಯಲ್ಲೂ ಫರಸಿ ಕಲ್ಲಿರುವ ಊರಿನವರಿಗೆ ಇಡೀ ಪೆಟ್ಟಿಗೆಯನ್ನೇ ಶಹಾಬಾದ್ ಕಲ್ಲಿನಲ್ಲಿ ಯಾಕೆ ಮಾಡಬಾರದು ಅನ್ನಿಸುತ್ತದೆ. ಭಾರ, ಗಟ್ಟಿ, ಅದುರುವುದಿಲ್ಲ. ಆದರೆ ತೆಳ್ಳನೆಯ ಫರಸಿಯನ್ನು ಬೆರಳಲ್ಲಿ ತಟ್ಟಿ ನೋಡಿ, ಟಣ್ ಎನ್ನುತ್ತದೆ. ಆ ಟಣತ್ಕಾರ ಹಾಡಿನೊಳಗೆ ಸೇರುತ್ತದೆ. ದುಂಡನೆಯ ತೂತು ಕೊರೆಯುವಾಗ ಸೀಳಿದರೆ ಶ್ರಮವೆಲ್ಲ ನೀರಿಗೆ. ಕಲ್ಲು ಒಳ್ಳೆಯದು ಪೆಟ್ಟಿಗೆಯ ಕೆಳಗೆ. 30 ಸೆಂಟಿಮೀಟರ್ ಚೌಕದ, 4 ಸೆಂಟಿಮೀಟರ್ ದಪ್ಪದ ತುಂಡು 9 ಕಿಲೋಗೂ ಹೆಚ್ಚು ತೂಗುತ್ತದೆ. ಸ್ಟ್ಯಾಂಡಿನ ಬುಡಕ್ಕೆ ಇದಕ್ಕಿಂತ ಅಗ್ಗದ, ಅಲುಗದ ವಸ್ತು ಇಲ್ಲ. ಪೆಟ್ಟಿಗೆಗೆ ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್ ತೋರಿದ ದಾರಿಯೂ ಇದೆ. 1932ರಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರು ಕಟ್ಟಲು ಶುರುಮಾಡಿ ವಾರ್ಫ್‌ಡೇಲ್ ಕಂಪನಿ ಹುಟ್ಟುಹಾಕಿದವ ಈತ. ಎರಡು ಪ್ಲೈವುಡ್ ಹಾಳೆಗಳ ನಡುವೆ ಒಣ ಮರಳು ತುಂಬುತ್ತಿದ್ದ. ಹಲಗೆ ಅದುರಲು ಹೊರಟರೆ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಆ ಶಕ್ತಿಯನ್ನು ನುಂಗುತ್ತವೆ. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಎರಡು ಬುಟ್ಟಿ ಮರಳು ಇದಕ್ಕೆ ಸಾಕು.

ಮರಳು, ಕಲ್ಲಿನ ಪುಡಿ, ಸಿಮೆಂಟಿನ ಧೂಳು ಯಾವುದೂ ಸ್ಪೀಕರಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಸುರುಳಿ ಓಡಾಡುವ ಸಂದಿ ಒಂದು ಮಿಲಿಮೀಟರಿಗಿಂತ ಕಿರಿದು. ಒಂದು ಕಣ ಹೊಕ್ಕರೆ ಪ್ರತಿ ಸ್ವರಕ್ಕೂ ಕರಕರ. ಮರಗೆಲಸ ಮುಗಿದು ಮನೆ ಗುಡಿಸುವವರೆಗೆ ಸ್ಪೀಕರು ಡಬ್ಬದಿಂದ ಹೊರಬರಬಾರದು. ಗರಗಸದ ಕೆಲಸವನ್ನು ಬಡಿಗೇರರಿಗೇ ಬಿಡಿ. ಕರೆಂಟಿಗೆ ಕೈಹಾಕುವ ಕೆಲಸ ಇದರಲ್ಲಿ ಇಲ್ಲವೇ ಇಲ್ಲ, ಆಂಪ್ಲಿಫೈಯರನ್ನು ತಯಾರಾದದ್ದೇ ತನ್ನಿ.

ದಪ್ಪ ದನಿಗೆ ವೂಫರ್, ಸಣ್ಣ ದನಿಗೆ ಟ್ವೀಟರ್, ಇಬ್ಬರಿಗೂ ಪಾಲು ಹಂಚಲು ಒಂದು ಕೆಪಾಸಿಟರ್, ಒಂದು ತಂತಿಯ ಸುರುಳಿ. 8 ಓಮ್‌ನ ಸ್ಪೀಕರುಗಳಿಗೆ 3000 ಹರ್ಟ್ಸಿನಲ್ಲಿ ಹಂಚುವುದಾದರೆ ಸರಳ ಲೆಕ್ಕದಲ್ಲಿ 6.6 ಮೈಕ್ರೋಫ್ಯಾರಡ್, 0.42 ಮಿಲಿಹೆನ್ರಿ. ಕೆಪಾಸಿಟರ್ ಪ್ಲಸ್ ಮೈನಸ್ ಭೇದವಿಲ್ಲದ್ದೇ ಇರಲಿ.

ವಾಟ್ ಬಗ್ಗೆ ಅಂಗಡಿಯವರ ಮಾತು ಕೇಳಬೇಡಿ. ಹಿಂದೆ ಅಂಗೈಯಗಲದ ಡಬ್ಬದ ಮೇಲೂ ‘1000 ವಾಟ್ ಪಿಎಂಪಿಓ’ ಎಂದು ಬರೆದು ಮಾರಿದರು. ಸಾಧಾರಣ ಸ್ಪೀಕರೊಂದು 1 ವಾಟಿಗೆ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ದನಿ ಕೊಡುತ್ತದೆ. 10 ವಾಟಿಗೆ 98. ಅದನ್ನು ದುಪ್ಪಟ್ಟು ಮಾಡಿ 20 ವಾಟ್ ಕೊಟ್ಟರೂ 101 ಮಾತ್ರ. 85 ಡೆಸಿಬೆಲ್ಲನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬ ಅಳತೆಗೋಲಿನಲ್ಲಿ 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು ಕಾಲು ಗಂಟೆ. ಪಾಲಕರೇ, ಈ ಅಂಕಿ ನಿಮ್ಮ ಬಳಿ ಇರಲಿ.

ಪೆಟ್ಟಿಗೆ ಸಿದ್ಧವಾಯಿತು. ಆದರೂ ಅರ್ಧ ಕೆಲಸ ಉಳಿದಿದೆ, ಅದು ಕೋಣೆಯದು. ನಮ್ಮ ಕಡೆಯ ಕಲ್ಲಿನ ನೆಲ, ಕಲ್ಲಿನ ಗೋಡೆ, ಕೆಲವೆಡೆ ಕಲ್ಲಿನದೇ ಛಾವಣಿ. ಬೇಸಿಗೆಗೆ ತಂಪು, ಹಾಡಿಗೆ ವೈರಿ. ಕಲ್ಲು ತನ್ನ ಮೇಲೆ ಬಿದ್ದ ದನಿಯಲ್ಲಿ ನೂರಕ್ಕೆ ಎರಡು ಪಾಲನ್ನೂ ಹೀರುವುದು ಕಷ್ಟ. 1895ರಲ್ಲಿ ಹಾರ್ವರ್ಡಿನ ಒಂದು ಸಭಾಂಗಣದಲ್ಲಿ ಮಾತೇ ಅರ್ಥವಾಗದಷ್ಟು ಮಾರ್ದನಿ ಎದ್ದಾಗ, ಅದನ್ನು ಸರಿಪಡಿಸುವ ಕೆಲಸ ವ್ಯಾಲೆಸ್ ಸ್ಯಾಬೀನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂತು. ಬೇರೊಂದು ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದೊಂದೇ ಹರಡಿ, ಮಾರ್ದನಿ ಎಷ್ಟು ಸೆಕೆಂಡ್ ಉಳಿಯುತ್ತದೆಂದು ಅಳೆದ. ಅವನ ಸೂತ್ರ ನಮ್ಮ ಮನೆಗೂ ಹೊಂದುತ್ತದೆ. 4 ಮೀಟರ್ ಉದ್ದ, 3 ಅಗಲ, 3 ಎತ್ತರದ, ಬಾಗಿಲು ಮುಚ್ಚಿದ ಖಾಲಿ ಕಲ್ಲಿನ ಕೋಣೆಯಲ್ಲಿ ಮಾರ್ದನಿ ಸುಮಾರು 4.4 ಸೆಕೆಂಡ್ ಉಳಿಯುತ್ತದೆ. ಅಷ್ಟರಲ್ಲಿ ಹಾಡುಗಾರ ಮುಂದಿನ ಸಾಲಿಗೆ ಹೋಗಿರುತ್ತಾನೆ. ಬಿದ್ದ ದನಿಯಲ್ಲಿ ಅರ್ಧ ಹೀರುವ ದಪ್ಪ ಬಟ್ಟೆ 5 ಚದರ ಮೀಟರಿನಷ್ಟು ತೂಗುಹಾಕಿದರೆ ಅದು 1.5 ಸೆಕೆಂಡಿಗೆ ಇಳಿಯುತ್ತದೆ.

ವಿದೇಶದಲ್ಲಿ ಇದಕ್ಕೆಂದೇ ದುಬಾರಿ ಹಲಗೆ ಮಾರುತ್ತಾರೆ. ಸೇಡಂ, ಚಿಂಚೋಳಿ ಕಡೆಯ ಮನೆಗಳಲ್ಲಿ ಅಜ್ಜಿ ಹೊಲಿದ ಕೌದಿ ಇರುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿ. ಹಿಂದಿನ ಗಾಳಿಯೂ ಕೆಲಸಕ್ಕೆ ಬರುತ್ತದೆ. ಎರಡು ಕೌದಿ ಇದ್ದರೆ ಇನ್ನೂ ಒಳ್ಳೆಯದು. ತೆರೆದ ಕಿಟಕಿಯೂ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿಂದ ಹೊರಬಿದ್ದ ದನಿ ಮರಳಿ ಬರುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ.

ಕೊನೆಗೆ, ಎರಡೂ ಸ್ಪೀಕರುಗಳ ತಂತಿ ಒಂದೇ ಕ್ರಮದಲ್ಲಿದೆಯೇ ನೋಡಿ. ಆಂಪ್ಲಿಫೈಯರಿನಿಂದ ಬಿಡಿಸಿದ ವೂಫರಿಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ. ಪ್ಲಸ್ಸಿಗೆ ಪ್ಲಸ್ ತಾಗಿದರೆ ಕೋನ್ ಮುಂದೆ ಜಿಗಿಯಬೇಕು, ಎರಡರಲ್ಲೂ. ಒಂದು ಮುಂದೆ ಒಂದು ಹಿಂದೆ ಹೋದರೆ ಗಡಿಗೆ ಇಲ್ಲದ ಸ್ಪೀಕರಿನ ಕಥೆಯೇ ಮರುಕಳಿಸುತ್ತದೆ. ಬೇಸ್ ಒಂದನ್ನೊಂದು ಕೊಲ್ಲುತ್ತದೆ. ಸರಿಯಿದ್ದರೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂಟಿ ಕಂಠ ಹಾಕಿ. ಏಕತಾರಿ ಹಿಡಿದು ಹಾಡಿದ ಕಡಕೋಳ ಮಡಿವಾಳಪ್ಪನವರ ತತ್ವಪದ ಇದ್ದರೆ ಅದನ್ನೇ. ಕಣ್ಣು ಮುಚ್ಚಿ. ದನಿ ಎಡ ಪೆಟ್ಟಿಗೆಯಿಂದಲೂ ಬರಬಾರದು, ಬಲ ಪೆಟ್ಟಿಗೆಯಿಂದಲೂ ಬರಬಾರದು. ನಡುವೆ, ಏನೂ ಇಲ್ಲದ ಜಾಗದಲ್ಲಿ, ಹಾಡುವವರು ಕೂತಿರಬೇಕು.