ಗಂಧ ಒಣಗದ ಜಾಗ

ಅರಸೀಕೆರೆಯ ಆ ಮನೆಯ ಹೆಸರು ಹೇಳಬೇಕಾದ ಅಗತ್ಯವಿಲ್ಲ. ಅಂಥ ಮನೆ ಊರೂರಿನಲ್ಲಿಯೂ ಒಂದುಂಟು. ಯಜಮಾನರು ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದು ಈಗ ಜಗುಲಿಯ ಮೇಲೆ ವಿಶ್ರಾಂತರಾಗಿರುವವರು. ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಮಗಳನ್ನು ಕಾಸರಗೋಡಿಗೆ ಕೊಟ್ಟಿದ್ದಾರೆ. ಅಳಿಯಂದಿರು ಮನೆಯಲ್ಲಿ ಕನ್ನಡವಾಡುವವರು, ಕನ್ನಡ ಪತ್ರಿಕೆಯಿಲ್ಲದೆ ಕಾಫಿ ಮುಟ್ಟದವರು. ಆದರೆ ಕಾಲ್ಚೆಂಡಾಟದ ಮಾತು ಬಂತೆಂದರೆ ಅವರು ಕೇರಳ ಬ್ಲಾಸ್ಟರ್ಸ್ ತಂಡದ ಹಳದಿ ಅಂಗಿಯವರು. ಭಾವಮೈದನಾದರೋ ಬೆಂಗಳೂರು ಎಫ್‌ಸಿಯ ನೀಲಿಯವನು. ಬೀಗರ ನಡುವೆ ವರೋಪಚಾರದ ವಿಷಯದಲ್ಲಿ ಏಳದಿದ್ದ ಮನಸ್ತಾಪ ಒಂದು ಫ್ರೀ ಕಿಕ್ಕಿನಿಂದ ಎದ್ದಿತು.

ಅದು 2023ರ ಮಾರ್ಚ್ 3ರ ರಾತ್ರಿ. ಕಂಠೀರವ ಕ್ರೀಡಾಂಗಣದಲ್ಲಿ ತೊಂಬತ್ತು ನಿಮಿಷ ಆಡಿದರೂ ಗೋಲಿಲ್ಲ. ಹೆಚ್ಚುವರಿ ವೇಳೆಯಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಕೇರಳದವರು ಇನ್ನೂ ಅಡ್ಡಗೋಡೆಯಾಗಿ ನಿಲ್ಲುವ ಮೊದಲೇ ಸುನೀಲ್ ಛೇತ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲೆಂದು ಸಾರಿದರು. ಕೇರಳದ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನೆಲ್ಲ ಕರೆದುಕೊಂಡು ಮೈದಾನದಿಂದ ಹೊರನಡೆದರು. ಪಂದ್ಯ ಬೆಂಗಳೂರಿನ ಪಾಲಾಯಿತು. ತಿಂಗಳ ಕೊನೆಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ.

"ನಾಲ್ಕು ಕೋಟಿಯ ದಂಡ ಕಟ್ಟಿದವರು ಯಾರೋ, ಆ ವರ್ಷ ಯುಗಾದಿಗೆ ತವರಿಗೆ ಬರಲಾರದೆ ದಂಡ ತೆತ್ತವಳು ನಾನು" ಎಂದು ಮಗಳು ಇಂದಿಗೂ ಹೇಳುವುದುಂಟು.

ಆ ಕೋಲಾಹಲದ ಮರುದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದರು. ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದ 1968–69ರ ನಂತರ, 54 ವರ್ಷ ಕಳೆದು ಬಂದ ಗೆಲುವು ಅದು. ಅರಸೀಕೆರೆಯ ಆ ಮನೆಯಲ್ಲಿ ಅದು ತಿಳಿದದ್ದು ವಾರವಾದ ಮೇಲೆ, ಹಳೆಯ ಪತ್ರಿಕೆಯನ್ನು ಮಡಿಸುವಾಗ. ವೈರದ ರುಚಿ ಹತ್ತಿದವರಿಗೆ ಗೆಲುವಿನ ರುಚಿ ಸಪ್ಪೆಯಾಗುತ್ತದೆ ಎಂದು ತೋರುತ್ತದೆ.

ಮುಂದೆ ಒಂದು ಬೇಸಗೆಯ ರಜೆಯಲ್ಲಿ ಮಗಳು ಪಟ್ಟು ಹಿಡಿದು ಎಲ್ಲರನ್ನೂ ಒಂದೇ ಕಾರಿನಲ್ಲಿ ಕೂರಿಸಿ ಹಳೇಬೀಡು, ಬೇಲೂರುಗಳಿಗೆ ಹೊರಡಿಸಿದಳು. 2023ರ ಸೆಪ್ಟೆಂಬರಿನಲ್ಲಿ ಅವೆರಡೂ ಸೋಮನಾಥಪುರದೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಕೈಗೆಟಕುವ ದೂರದಲ್ಲಿದ್ದೂ ನೋಡದಿದ್ದರೆ ಕಾಸರಗೋಡಿನವರು ಏನೆಂದಾರು ಎಂಬುದು ಅವಳ ವಾದ. ಕಾರು ಜಾವಗಲ್ಲನ್ನು ದಾಟುವವರೆಗೆ ಭಾವ, ಮೈದುನರಿಬ್ಬರೂ ಕ್ರಿಕೆಟ್ಟಿನ ಮಾತನ್ನೇ ಆಡಿದರು. ಜಾವಗಲ್ ಶ್ರೀನಾಥರ ಹೆಸರಿನೊಡನೆ ಜಗತ್ತನ್ನೆಲ್ಲ ಸುತ್ತಿಬಂದ ಊರದು. ಅಲ್ಲಿ ಜಗಳಕ್ಕೆ ಆಸ್ಪದವಿಲ್ಲ. ಬೆಂಕಿ ಹಚ್ಚಿದವನು ಹಿಂದಿನ ಆಸನದಲ್ಲಿದ್ದ ಹೈಸ್ಕೂಲಿನ ಮೊಮ್ಮಗ. ಅವನು ತೊಟ್ಟಿದ್ದುದು ಹಳದಿಯೂ ಅಲ್ಲ, ಬೆಂಗಳೂರಿನ ನೀಲಿಯೂ ಅಲ್ಲ. ಮ್ಯಾಂಚೆಸ್ಟರ್ ಸಿಟಿಯ ತಿಳಿನೀಲಿ.

"ನಿನ್ನ ತಂಡದ ಮೇಲೆ ನೂರಕ್ಕೂ ಹೆಚ್ಚು ಆರೋಪಗಳಿವೆಯಲ್ಲೋ!" ಎಂದು ಸೋದರಮಾವ ಚುಚ್ಚಿದನು.

"ಏನು ಆರೋಪ?" ಎಂದು ಮುಂದಿನ ಆಸನದಿಂದ ಯಜಮಾನರು ಕೇಳಿದರು.

"ಲೆಕ್ಕದ್ದು, ಅಜ್ಜ."

ಅದುವರೆಗೆ ಕಾಲ್ಚೆಂಡಾಟದ ಮಾತಿಗೆ ಕಿವಿಗೊಡದಿದ್ದ ಯಜಮಾನರು ಕನ್ನಡಕವನ್ನು ಸರಿಪಡಿಸಿಕೊಂಡು ಹಿಂದಕ್ಕೆ ತಿರುಗಿದರು. ಹುಡುಗನು ತನಗೆ ತಿಳಿದಂತೆ ವಿವರಿಸಿದನು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ತಂಡವೊಂದು ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸಬಾರದೆಂದು ಕಟ್ಟಳೆ ಬಂದಿತ್ತು. ಅದನ್ನು ಮೀರಿದ್ದಕ್ಕಾಗಿ ಎವರ್ಟನ್ ತಂಡ 2023ರ ನವೆಂಬರಿನಲ್ಲಿ 10 ಅಂಕಗಳನ್ನು ಕಳೆದುಕೊಂಡಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಮುಂದಿನ ವರ್ಷದ ಮಾರ್ಚಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳೆದುಕೊಂಡಿತು. ಸಿಟಿಯ ಮೇಲಣ ಆರೋಪ ಇದಕ್ಕಿಂತ ಬೇರೆ. ಒಡೆಯರಾದ ಅಬುಧಾಬಿಯವರ ಕಡೆಯ ಹಣವೇ ಜಾಹೀರಾತಿನ ವರಮಾನವೆಂದು ಪುಸ್ತಕದಲ್ಲಿ ಸೇರಿತೆಂಬುದು ಅದರಲ್ಲಿ ಮುಖ್ಯವಾದದ್ದು. ತಂಡದವರು ಇದನ್ನು ಪೂರ್ತಿಯಾಗಿ ನಿರಾಕರಿಸಿದ್ದಾರೆ. 2023ರ ಫೆಬ್ರವರಿಯಲ್ಲಿ ಆರೋಪಪಟ್ಟಿ ಬಂದು, 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ವಿಚಾರಣೆ ನಡೆದು, ಆಮೇಲೆ ತಿಂಗಳುಗಟ್ಟಲೆ ಕಾದರೂ ತೀರ್ಪು ಹೊರಬೀಳಲಿಲ್ಲ.

"ಅಂದರೆ, ಮನೆಯ ಹಣವನ್ನೇ ತಂದು ಗಿರಾಕಿಯ ಹೆಸರಿನಲ್ಲಿ ಜಮೆ ಹಾಕಿದರೆಂದು ದೂರು" ಎಂದು ಯಜಮಾನರು ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡರು.

"ಆದರೆ ಅಜ್ಜ, 2020ರಲ್ಲಿ ಯುರೋಪಿನ ಒಕ್ಕೂಟ ಎರಡು ವರ್ಷದ ನಿಷೇಧ ಹಾಕಿತ್ತಲ್ಲ, ಅದನ್ನು ಕ್ರೀಡಾ ನ್ಯಾಯಮಂಡಲಿ ತೆಗೆದುಹಾಕಿತು. ಸಾಕ್ಷ್ಯ ಸಾಲದೆಂದು ಕೆಲವು, ಕಾಲ ಮೀರಿತೆಂದು ಕೆಲವು."

"ವಾಯಿದೆ ಮೀರಿದ ಪ್ರಾಮಿಸರಿ ನೋಟಿನ ಹಾಗೆ. ಮೂರು ವರ್ಷ ದಾಟಿದರೆ ಕೋರ್ಟಿನಲ್ಲಿ ವಸೂಲಿಲ್ಲ. ಸಾಲ ತೀರಿತೆಂದೇನೂ ಅಲ್ಲ. ಸಾಲವಿತ್ತೆಂದೂ ಅದರಿಂದ ಸಿದ್ಧವಾಗುವುದಿಲ್ಲ."

ಹುಡುಗನಿಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ.

ಹಳೇಬೀಡಿನಲ್ಲಿ ಬಿಸಿಲು ಏರಿತ್ತು. ಹೊಯ್ಸಳೇಶ್ವರನ ಗುಡಿಯನ್ನು ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲ. ಅರಸನು ಅದಕ್ಕೆ ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂಗತಿ 1121ರ ಶಾಸನದಲ್ಲಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಕೇಶವನ ಗುಡಿಗೆ ಪೈಪೋಟಿಯಾಗಿ ಶೈವರು ಇದನ್ನು ಎತ್ತಿಸಿದರೆಂದು ಹೇಳುವವರೂ ಉಂಟು. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವ ಸೇವೆಗೆ ಕೊಟ್ಟರು ಎಂಬುದನ್ನು ಬಂದುಹೋಗುವವರೆಲ್ಲ ಓದುವಂತೆ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸುತ್ತಿದ್ದ ಕಾಲವದು. ಯಜಮಾನರು ನಂದಿಯ ಮಂಟಪದ ನೆರಳಿನಲ್ಲಿ ಕುಳಿತು ಈ ಏರ್ಪಾಡನ್ನು ಬಹಳ ಮೆಚ್ಚಿಕೊಂಡರು.

ಭಾವ, ಮೈದುನರಿಗೆ ಮಾತ್ರ ಆ ವೇಳೆಗೆ ಮಾತು ಊರಿನ ಕಡೆಗೆ ತಿರುಗಿತ್ತು.

"ಭಾವ, ಇಂಗ್ಲೆಂಡಿನದು ಹಾಗಿರಲಿ. ಇಂಡಿಯನ್ ಸೂಪರ್ ಲೀಗಿನಲ್ಲಿಯೂ ಸಂಬಳದ ಮಿತಿಯೆಂದು ಒಂದಿತ್ತು. ನಿಮ್ಮ ಹಳದಿಯವರ ಪುಸ್ತಕ ತೆಗೆದು ನೋಡಲಿ!"

"ಮೊದಲು ನಿಮ್ಮದನ್ನು ನೋಡಲಿ. ನಿನ್ನ ತಂಡದ ಹಿಂದೆ ಉಕ್ಕಿನ ಕಂಪನಿಯೇ ಇದೆಯಲ್ಲ. 2013ರಲ್ಲಿ ಹುಟ್ಟಿದ ಕೂಸು ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು ಬರಿಯ ಬೆವರಿನಿಂದಲೇ?"

"ಮತ್ತೇನು, ಕಾಣಿಕೆ ಡಬ್ಬಿಯಿಂದಲೇ?"

ಇಬ್ಬರ ಬಳಿಯೂ ಆಧಾರವೆನ್ನುವ ಒಂದು ಚೀಟಿಯೂ ಇರಲಿಲ್ಲ. ತನ್ನ ತಂಡದ ಹಣ ಅಭಿಮಾನದ ಹಣ, ಎದುರು ತಂಡದ್ದು ದುಡ್ಡಿನ ಮದ. ತನ್ನವರ ಮೇಲೆ ವಿಚಾರಣೆಯಾದರೆ ಪಿತೂರಿ, ಅವರ ಮೇಲಾದರೆ ನ್ಯಾಯ. ಈ ವಿಷಯದಲ್ಲಿ ಲಿವರ್‌ಪೂಲಿನ ಬೀದಿಗೂ ಹಳೇಬೀಡಿನ ಜಗತಿಗೂ ಹೆಚ್ಚಿನ ಅಂತರವಿದ್ದಂತಿಲ್ಲ. ಎವರ್ಟನ್ನಿನ ಅಂಕ ಕಡಿತವಾದಾಗ ಆ ತಂಡದ ಅಭಿಮಾನಿಗಳು ಲೀಗೇ ಭ್ರಷ್ಟವೆಂದು ಬರೆದ ಗುಲಾಬಿ ಚೀಟಿಗಳನ್ನು ಕ್ರೀಡಾಂಗಣದ ತುಂಬ ಎತ್ತಿ ಹಿಡಿದಿದ್ದರು.

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರು. ಆ ದಾರಿಯಲ್ಲಿ ಯಜಮಾನರೇ ಮಾತು ತೆಗೆದರು.

"ಹಿಂದೆ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಎಂದು ಕಾರ್ಖಾನೆಯ ತಂಡಗಳಿದ್ದವು. ಭಾನುವಾರ ಸೋತರೂ ಆಟಗಾರನಿಗೆ ಒಂದನೆಯ ತಾರೀಖು ಸಂಬಳ ಬರುತ್ತಿತ್ತು; ಅವನು ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿದ್ದವನು. ಈಗಿನವರಿಗೆ ಹೇಗೆ?"

ಅಳಿಯಂದಿರು ಹೈದರಾಬಾದಿನ ಸಂಗತಿಯನ್ನು ಹೇಳಿದರು. 2022ರ ಮಾರ್ಚಿನಲ್ಲಿ ಗೋವೆಯಲ್ಲಿ ಇವರದೇ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ ಲೀಗಿನ ಕಿರೀಟ ಧರಿಸಿದ ತಂಡವದು. ಎರಡು ವರ್ಷ ತುಂಬುವುದರೊಳಗೆ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಬಾಕಿ ಬಿದ್ದಿತು. ಹೊಸಬರನ್ನು ಸೇರಿಸಿಕೊಳ್ಳಕೂಡದೆಂದು ಫಿಫಾ ನಿಷೇಧ ಹಾಕಿತು. ವಿದೇಶೀ ಆಟಗಾರರು ಒಬ್ಬೊಬ್ಬರಾಗಿ ಹೊರಟುಹೋದರು. ತಂಡ ಪಟ್ಟಿಯ ತಳಕ್ಕೆ ಇಳಿಯಿತು. ಹೇಳುವಾಗ ಅಳಿಯಂದಿರ ದನಿಯಲ್ಲಿ ಸೋತ ಪಂದ್ಯದ ಸೇಡು ಸ್ವಲ್ಪ ಇಣುಕಿತೆನ್ನಬೇಕು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ.

"2025ರ ಆಗಸ್ಟಿನಲ್ಲಿ ಬೆಂಗಳೂರಿನವರೂ ಸಂಬಳ ನಿಲ್ಲಿಸಿದರಲ್ಲ" ಎಂದು ಮೆಲ್ಲನೆ ಸೇರಿಸಿದರು.

ಮೈದುನನು ಕಿಟಕಿಯ ಕಡೆ ಮುಖ ತಿರುಗಿಸಿದನು. ಮಾತು ನಿಜ. ಒಕ್ಕೂಟಕ್ಕೂ ಲೀಗನ್ನು ನಡೆಸುತ್ತಿದ್ದ ಸಂಸ್ಥೆಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದ ಮುಗಿಯುತ್ತ ಬಂದು, ಮುಂದೇನೆಂದು ತೀರ್ಮಾನವಾಗದೆ, ಜುಲೈಯಲ್ಲಿ ಆ ವರ್ಷದ ಲೀಗನ್ನೇ ತಡೆಹಿಡಿದಿದ್ದರು. ಲೀಗು ನಡೆಯುವ ಖಾತರಿಯಿಲ್ಲವೆಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತ್ತು. ದೇಶದಲ್ಲೆಲ್ಲ ಅಚ್ಚುಕಟ್ಟಾದ ತಂಡವೆಂದು ಹೆಸರು ಪಡೆದದ್ದು. ಆ ದಿನ ನೀಲಿಯ ಅಭಿಮಾನಿಗಳಲ್ಲಿ ಅನೇಕರಿಗೆ ಊಟ ಸೇರಲಿಲ್ಲ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಮಂಡಿಯಲ್ಲಿ ಹತ್ತಾರು ಅಂಗಡಿಗಳು ಏಳುವುದನ್ನೂ ಬೀಳುವುದನ್ನೂ ನೋಡಿದ್ದೇನೆ" ಎಂದರು. "ದೊಡ್ಡ ಮೊತ್ತಗಳನ್ನು ನೋಡಿದರೆ ಏನೂ ತಿಳಿಯದು, ಅವನ್ನು ಜಾಣನಾದ ಗುಮಾಸ್ತೆ ಹೇಗೆ ಬೇಕಾದರೂ ಕೂರಿಸಬಲ್ಲ. ಹಮಾಲರ ಕೂಲಿ ಎಷ್ಟು ವಾರದಿಂದ ಬಾಕಿಯಿದೆ, ಅದನ್ನು ನೋಡಬೇಕು. ಅಲ್ಲಿ ನಿಂತಿತೆಂದರೆ ಅಂಗಡಿ ಆರು ತಿಂಗಳು ಬಾಳದು."

ಬೇಲೂರಿನ ಅಂಗಳದಲ್ಲಿ ಮೊಮ್ಮಗನು ಕಪ್ಪೆ ಚೆನ್ನಿಗರಾಯನ ಕಥೆ ಹೇಳೆಂದು ಹಟ ಹಿಡಿದನು. ಕನ್ನಡ ಬಲ್ಲವರೆಲ್ಲರೂ ಕೇಳಿದ ಕಥೆಯದು. ಜಕಣಾಚಾರಿ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆಯೆಂದು ಯಾವನೋ ಹುಡುಗ ಆಕ್ಷೇಪಿಸಿದ. ಹಾಗಿದ್ದರೆ ಬಲಗೈಯನ್ನೇ ಕಡಿದುಕೊಳ್ಳುತ್ತೇನೆಂದು ಶಿಲ್ಪಿ ಪಣ ತೊಟ್ಟ. ಮೂರ್ತಿಗೆಲ್ಲ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳಿನ ಬಳಿ ಒಣಗಲಿಲ್ಲ. ಅಲ್ಲಿ ಉಳಿ ತಾಕಿಸಿದರೆ ನೀರಿನೊಡನೆ ಕಪ್ಪೆ ಹೊರಬಂದಿತು. ಆ ಹುಡುಗ ಡಂಕಣ, ಶಿಲ್ಪಿಯ ಮಗನೇ. ಜಕಣಾಚಾರಿಯೆಂಬವನಿದ್ದನೆಂಬುದಕ್ಕೆ ಈ ಗುಡಿಯ ಶಾಸನಗಳಲ್ಲಿ ಆಧಾರವಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಹೆಸರು ಕೊರೆದಿರುವವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ಎದುರಾಳಿ ಶಿಲ್ಪಿಗಳನ್ನು ಮೀರಿಸಿದವರೆಂಬ ಬಿರುದುಗಳನ್ನೂ ಕೆಲವರು ಜತೆಗೆ ಕೊರೆದುಕೊಂಡಿದ್ದಾರೆ. ಪೈಪೋಟಿ ಹೊಸದೇನೂ ಅಲ್ಲ.

"ಅಜ್ಜ, ಎಲ್ಲ ತಂಡಕ್ಕೂ ಹೀಗೆ ಗಂಧ ಬಳಿಯಬೇಕು" ಎಂದನು ಹುಡುಗ.

"ನಿನ್ನ ತಿಳಿನೀಲಿಗೂ?"

ಹುಡುಗ ತನ್ನ ಅಂಗಿಯನ್ನು ಒಮ್ಮೆ ನೋಡಿಕೊಂಡು, "ಅದಕ್ಕೂ" ಎಂದನು. ಮನಸ್ಸಿಲ್ಲದ ಮನಸ್ಸಿನಿಂದಲೇ ಎಂದನು.

ಯಜಮಾನರು ಮಗನ ಕಡೆಗೂ ಅಳಿಯಂದಿರ ಕಡೆಗೂ ತಿರುಗಿದರು. "ನೀವಿಬ್ಬರೂ ದಂಡದ ಮೊತ್ತವನ್ನು ಪೈಸೆಪೈಸೆಗೆ ಬಲ್ಲಿರಿ. ಸಂಬಳ ನಿಂತ ಆ ತಿಂಗಳುಗಳಲ್ಲಿ ಮೈದಾನಕ್ಕೆ ನೀರು ಹಾಯಿಸುವವನಿಗೆ, ಅಂಗಿ ಒಗೆಯುವವನಿಗೆ ಏನಾಯಿತು?"

ಇಬ್ಬರಿಗೂ ತಿಳಿದಿರಲಿಲ್ಲ. ಅಳಿಯಂದಿರು ಜೇಬಿನಿಂದ ಫೋನು ತೆಗೆದರು. ಮೈದುನನು ಪಕ್ಕಕ್ಕೆ ಬಂದು ಭಾವನ ಹೆಗಲ ಮೇಲಿನಿಂದ ಇಣುಕಿ ನೋಡತೊಡಗಿದನು. ಮಗಳು ತೀರ್ಥಪ್ರಸಾದಕ್ಕೆ ಹೊತ್ತಾಯಿತೆಂದು ಮೂರು ಸಲ ಕೂಗಿದರೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.